ಅರ್ಕಾವತ್ತಿನ ಬೆನ್ನು ಹತ್ತಿ
ಕಲ್ಕತ್ತೆಯ ಒಬ್ಬ ತಂತ್ರಾಂಶ ಕೆಲಸಗಾರನ ಟಿಪ್ಪಣಿಗಳಿಂದ

"ದಿನವೆಲ್ಲ ಆ ಗಾಜಿನ ಮನೆಯೊಳಗೆ ಕುಳಿತು ನೀವು ಮಾಡುವುದಾದರೂ ಏನು?" ಎಂದು ನಮ್ಮ ಬಂಧುಗಳೂ ಮಿತ್ರರೂ ಆಗಾಗ ಕೇಳುವುದುಂಟು. ಊರಿಗೆ ಹೋದಾಗಲಂತೂ ಈ ಪ್ರಶ್ನೆ ತಪ್ಪಿದ್ದಲ್ಲ. ಸಾಲ್ಟ್ ಲೇಕಿನ ಐದನೆಯ ಸೆಕ್ಟರಿನಲ್ಲಿ ಗಣಕಯಂತ್ರಗಳಿಗೆ ಕ್ರಮವಿಧಿ ಬರೆಯುವುದು ನಮ್ಮ ಜೀವನೋಪಾಯ. ಪರದೇಶದ ವರ್ತಕರ ಲೆಕ್ಕಪತ್ರ ಸರಿಯಾಗಿ ಕೂಡಿ ಕಳೆಯುವಂತೆ ನೋಡಿಕೊಳ್ಳುವುದು, ನಿನ್ನೆ ಬರೆದುದರಲ್ಲಿ ತಪ್ಪು ಹುಡುಕುವುದು, ಇಂದು ತಿದ್ದಿದ್ದರಿಂದ ಹುಟ್ಟಿದ ಹೊಸ ತಪ್ಪನ್ನು ನಾಳೆಗೆ ಇಟ್ಟುಕೊಳ್ಳುವುದು: ಇಷ್ಟೇ ನಮ್ಮ ದಿನಚರಿ. ಇದನ್ನು ವರ್ಣಿಸಿ ವಾಚಕರಿಗೆ ಬೇಸರ ತರಿಸುವ ಇಚ್ಛೆ ನಮಗಿಲ್ಲ. ಆದರೆ ಸಂಜೆಯ ಬಿಡುವಿನಲ್ಲಿ, ಸಂಬಳವಿಲ್ಲದೆ, ಕಳೆದ ಒಂದು ವರ್ಷದಿಂದ ನಾವು ಕೈಕೊಂಡ ಇನ್ನೊಂದು ಕೆಲಸವಿದೆ. ಹೊರನಾಡಿನಲ್ಲಿ ಕನ್ನಡ ಬರೆದು ಅಚ್ಚು ಹಾಕಿಸಿದ ಯಾರಿಗಾದರೂ ಅದು ಪ್ರಯೋಜನಕ್ಕೆ ಬಂದೀತೆಂದು ಇಲ್ಲಿ ನಿವೇದಿಸುತ್ತಿದ್ದೇವೆ.

ಲೇಕ್ ಮಾರ್ಕೆಟಿನ ಸುತ್ತಮುತ್ತ ದಕ್ಷಿಣದವರು ಬಹುಕಾಲದಿಂದ ನೆಲಸಿರುವ ಸಂಗತಿ ಈ ಪತ್ರಿಕೆಯ ವಾಚಕರಿಗೆ ಹೊಸದಲ್ಲ. ಅಲ್ಲಿಯ ಒಂದು ಮನೆಯಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರ ಪತ್ನಿ ವಾಸವಾಗಿದ್ದಾರೆ. ಯಜಮಾನರು ತೀರಿಕೊಂಡು ಎಂಟು ವರ್ಷಗಳಾದುವು. ಅವರು ರೈಲ್ವೆಯ ನೌಕರಿಯಿಂದ ನಿವೃತ್ತರಾದ ಮೇಲೆ 1999ರಿಂದ ಹತ್ತು ವರ್ಷ, ಸಂಘದ ವಾರ್ಷಿಕ ಸ್ಮರಣ ಸಂಚಿಕೆಗೆ ತಪ್ಪದೆ ಬರೆದವರು. ಖರಗ್‌ಪುರದ ವಸತಿಗೃಹಗಳ ಜೀವನ, ಹೌರಾ ನಿಲ್ದಾಣದಲ್ಲಿ ಮೊದಲ ದಿನ ಕೂಲಿಯವನೊಡನೆ ಕನ್ನಡದಲ್ಲೇ ಜಗಳವಾಡಿದ್ದು, ಹಿಲ್ಸಾ ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ಬಂದ ಸಸ್ಯಾಹಾರಿ ಕುಟುಂಬ ನೆರೆಮನೆಯವರ ಸ್ನೇಹಕ್ಕೆ ಸೋತದ್ದು, ಇಂಥವೇ ವಿಷಯಗಳು. ಸಾಹಿತ್ಯದ ಹೆಮ್ಮೆ ಅವರಿಗಿರಲಿಲ್ಲ. ಆದರೆ ಬರೆಹದಲ್ಲಿ ಉಪ್ಪಿತ್ತು.

ಆ ಸಂಚಿಕೆಗಳ ಉಳಿದ ಪ್ರತಿಗಳೆಲ್ಲ ಸಂಘದ ನೆಲಮಾಳಿಗೆಯ ಕಪಾಟಿನಲ್ಲಿದ್ದುವು. 2020ನೆಯ ಮೇ ತಿಂಗಳ 20ರಂದು ಅಂಫಾನ್ ಚಂಡಮಾರುತ ಬಂದ ರಾತ್ರಿ ಅಲ್ಲಿ ಮೊಣಕಾಲುದ್ದ ನೀರು ನಿಂತಿತು. ವಾರದ ಮೇಲೆ ಬಾಗಿಲು ತೆರೆದಾಗ ಕಾಗದವೆಲ್ಲ ಒಂದೇ ಮುದ್ದೆ. ಆಲಿಪುರದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕನ್ನಡ ವಿಭಾಗವಿದೆ, ಅಲ್ಲಿ ಇದ್ದೀತೆಂದು ಆಶಿಸಿದೆವು. ಪ್ರಕಟವಾದ ಪುಸ್ತಕದ ಒಂದು ಪ್ರತಿಯನ್ನು ಅಲ್ಲಿಗೆ ಒಪ್ಪಿಸಬೇಕೆಂದು 1954ರ ಕಾಯಿದೆಯೇ ಹೇಳುತ್ತದೆ. ನಮ್ಮವರು ಕಳುಹಿಸಿರಲಿಲ್ಲ. ಹತ್ತು ಮೈಲಿಯೂ ಇಲ್ಲದ ದೂರ, ಟ್ರಾಮಿನಲ್ಲಿ ಹೋಗಿ ಕೊಟ್ಟು ಬರಬಹುದಾಗಿದ್ದ ಪುಸ್ತಕಗಳು. ಈ ಉದಾಸೀನಕ್ಕೆ ನಾವೂ ಪಾಲುದಾರರು.

ಉಳಿದದ್ದು ಒಂದು ಪ್ಲಾಸ್ಟಿಕ್ ತಟ್ಟೆ, ಅಂದರೆ ಸಿ.ಡಿ. ಅಕ್ಷರ ಜೋಡಿಸಿಕೊಟ್ಟವರು ಆಯಾ ವರ್ಷದ ಕಡತಗಳನ್ನು ಅದರಲ್ಲಿ ತುಂಬಿಸಿ ಕೊಟ್ಟಿದ್ದರು. ಕಡತಗಳು ತೆರೆದುಕೊಂಡುವು, ಆದರೆ ಕನ್ನಡ ಕಾಣಿಸಲಿಲ್ಲ. ರೋಮನ್ ಅಕ್ಷರ, ಪ್ರಶ್ನಾರ್ಥಕ ಚಿಹ್ನೆ, ಪೌಂಡಿನ ಗುರುತು, ಫ್ರೆಂಚರ ಕೊಂಬುಳ್ಳ ಅಕ್ಷರ, ಹೀಗೆ ಮಂತ್ರವಾದಿಯ ಯಂತ್ರದಂತಿದ್ದ ಸಾಲುಗಳು ಪುಟದಿಂದ ಪುಟಕ್ಕೆ ಹರಿದಿದ್ದುವು.

ಅಜ್ಜಿಯವರಿಗೆ ಈಗ ಕಣ್ಣು ಕಾಣುವುದಿಲ್ಲ. ಮೊಮ್ಮಗಳು ಕೈಫೋನಿನಲ್ಲಿ ಕನ್ನಡ ಓದಿ ಹೇಳುವ ವ್ಯವಸ್ಥೆಯನ್ನು ಮಾಡಿಕೊಟ್ಟಿದ್ದಾಳೆ. ಬೆಳಗಿನ ಸುದ್ದಿಯನ್ನು ಅದು ಯಾಂತ್ರಿಕವಾದ ದನಿಯಲ್ಲಿ ಒದರುತ್ತದೆ, ಅವರು ಕಾಫಿ ಕುಡಿಯುತ್ತ ಕೇಳುತ್ತಾರೆ. ಒಂದು ದಿನ ನಮ್ಮನ್ನು ಕರೆಯಿಸಿ ಕೇಳಿದರು: "ಇದು ಊರಿನವರು ಬರೆದದ್ದನ್ನೆಲ್ಲ ಓದುತ್ತದೆ. ನಮ್ಮ ಮನೆಯವರು ಬರೆದದ್ದನ್ನು ಮಾತ್ರ ಓದಲೊಲ್ಲದು. ಯಾಕೆ?" ಆ ಸಿ.ಡಿ.ಯ ಕಡತವೊಂದನ್ನು ಮೊಮ್ಮಗಳು ಫೋನಿಗೆ ಹಾಕಿದ್ದಳು. ಯಂತ್ರ ಅದನ್ನು ಇಂಗ್ಲಿಷೆಂದು ಭ್ರಮಿಸಿ ಒಂದೊಂದೇ ರೋಮನ್ ಅಕ್ಷರವನ್ನು ಉಚ್ಚರಿಸುತ್ತಿತ್ತು. ಕೇಳಲಾಗಲಿಲ್ಲ, ನಿಲ್ಲಿಸಿದೆವು.

ಏಕೆ ಹೀಗಾಯಿತು? ವಿಷಯ ಸ್ವಲ್ಪ ಶಾಸ್ತ್ರೀಯ, ಆದರೂ ತಾಳ್ಮೆಯಿಂದ ಕೇಳಬೇಕು. ಗಣಕಯಂತ್ರಕ್ಕೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಹಿಂದಿನ ಕಾಲದಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟು, ಎಂದರೆ 256 ಸ್ಥಾನಗಳು ಮಾತ್ರ. ಅವುಗಳಲ್ಲಿ ಹಲವನ್ನು ಯಂತ್ರವೇ ತನ್ನ ಕೆಲಸಕ್ಕೆ ಇಟ್ಟುಕೊಂಡಿತ್ತು. ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳು ಅಷ್ಟರಲ್ಲಿ ಹಿಡಿಸುವುವೇ? ಆದಕಾರಣ ನಮ್ಮ ತಂತ್ರಾಂಶಕಾರರು ಅಕ್ಷರಗಳನ್ನು ತುಂಡು ಮಾಡಿದರು. ಒಡಲು ಒಂದು ಸ್ಥಾನದಲ್ಲಿ, ತಲೆಕಟ್ಟು ಮತ್ತೊಂದರಲ್ಲಿ, ಕೊಂಬು, ದೀರ್ಘ, ಒತ್ತು ಬೇರೆ ಬೇರೆ ಕಡೆ. ರೋಮನ್ ಅಕ್ಷರಗಳು ಕೂರುತ್ತಿದ್ದ ಪೀಠಗಳ ಮೇಲೆ ಈ ತುಂಡುಗಳನ್ನು ಕೂರಿಸಿ, ಅವುಗಳನ್ನು ಕಣ್ಣಿಗೆ ಕನ್ನಡವಾಗಿ ತೋರಿಸುವ ಒಂದು ಫಾಂಟನ್ನು ಜೊತೆಗೆ ಕೊಟ್ಟರು. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಮಂತ್ರವಾದಿಯ ಯಂತ್ರ. ಮುಖವಾಡ ತೊಟ್ಟ ವೇಷಧಾರಿಯಂತೆ, ಒಳಗೆ ರೋಮನ್, ಹೊರಗೆ ಕನ್ನಡ.

ಇದನ್ನು ನಾವು ದೂಷಣೆಯಾಗಿ ಹೇಳುತ್ತಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. 1998ರಲ್ಲಿ ಶೇಷಾದ್ರಿವಾಸು ಅವರು 'ಬರಹ'ವನ್ನು ಹೊರತಂದಾಗ, ತರುವಾಯ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದಾಗ, ಕನ್ನಡದವನು ತನ್ನ ಮನೆಯ ಯಂತ್ರದಲ್ಲಿ ತನ್ನ ಭಾಷೆಯನ್ನು ಬರೆಯಬಲ್ಲನಾದ. ಅದಕ್ಕೂ ಮೊದಲೇ ಕಿನ್ನಿಕಂಬಳದ ಕೆ. ಪಿ. ರಾವ್ ಅವರು, ಉಚ್ಚಾರಣೆಯನ್ನು ಅನುಸರಿಸಿ ಇರುವಷ್ಟೇ ಕೀಲಿಗಳಲ್ಲಿ ಕನ್ನಡವನ್ನೆಲ್ಲ ಮೂಡಿಸುವ ಕೀಲಿಮಣೆಯ ವಿನ್ಯಾಸವನ್ನು ಯೋಚಿಸಿದ್ದರು. ನಾವು ಈ ಲೇಖನವನ್ನು ಬೆರಳಚ್ಚಿಸುತ್ತಿರುವುದೂ ಆ ವಿನ್ಯಾಸದಲ್ಲಿಯೇ. ಮರದ ಮೆಟ್ಟಿಲೇ ಇಲ್ಲದಿದ್ದ ಕಾಲದಲ್ಲಿ ಬಿದಿರ ಏಣಿ ಕಟ್ಟಿಕೊಟ್ಟವರನ್ನು ಏಣಿ ಅಲುಗಾಡಿತೆಂದು ಬೈಯುವುದು ಯೋಗ್ಯವಲ್ಲ.

ಮೆಟ್ಟಿಲು ಕಟ್ಟಿದ್ದು ಯೂನಿಕೋಡ್. ಜಗತ್ತಿನ ಎಲ್ಲ ಲಿಪಿಗಳ ಒಂದೊಂದು ಅಕ್ಷರಕ್ಕೂ ಬೇರೆ ಯಾರಿಗೂ ಸೇರದ ಒಂದು ಸಂಖ್ಯೆ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಮನೆಗಳು ದೊರೆತುವು. ಆದರೆ ಮನೆ ಮಂಜೂರಾದದ್ದಕ್ಕೂ ನಾವು ಅಲ್ಲಿ ಒಲೆ ಹೂಡಿದ್ದಕ್ಕೂ ನಡುವೆ ದಶಕವೇ ಕಳೆಯಿತು. ಮನೆಮನೆಯ ಯಂತ್ರಗಳಲ್ಲಿ ಕನ್ನಡ ಯೂನಿಕೋಡು ತಕ್ಕಮಟ್ಟಿಗೆ ಕಾಣಿಸಿದ್ದು 2001ರಲ್ಲಿ ವಿಂಡೋಸ್ ಎಕ್ಸ್‌ಪಿ 'ತುಂಗಾ' ಎಂಬ ಫಾಂಟಿನೊಡನೆ ಬಂದಮೇಲೆ. ನಮ್ಮ ಹಿರಿಯರು ಬರೆದದ್ದು ಸರಿಯಾಗಿ ಈ ಸಂಧಿಕಾಲದಲ್ಲಿ. ಅಕ್ಷರ ಜೋಡಿಸುವವರು ತಮಗೆ ಅಭ್ಯಾಸವಾದ ಹಳೆಯ ಪದ್ಧತಿಯನ್ನೇ ಹಿಡಿದಿದ್ದರು.

ಇಲ್ಲಿ ಕಲ್ಕತ್ತೆಯಲ್ಲಿದ್ದುದರಿಂದಲೇ ನಮಗೆ ಕಂಡುಬಂದ ಒಂದು ಸ್ವಾರಸ್ಯವಿದೆ. ಬಂಗಾಳಿಯ ಮನೆಗಳು 2432ರಿಂದ ಆರಂಭ, ನಮ್ಮವು 3200ರಿಂದ. ವ್ಯತ್ಯಾಸ 768. ಭಾರತದ ಲಿಪಿಗಳಿಗೆಲ್ಲ ಸಮಾನವಾದ ಕ್ರಮವನ್ನು ಮೊದಲೇ ನಮ್ಮ ದೇಶದ 'ಇಸ್ಕಿ' ಎಂಬ ಸಂಕೇತಪದ್ಧತಿ ಗೊತ್ತುಮಾಡಿತ್ತು, ಯೂನಿಕೋಡು ಅದನ್ನು ಅನುಸರಿಸಿತು. ಆದ್ದರಿಂದ ಬಂಗಾಳಿಯ ಕ-ಕಾರದ ಸಂಖ್ಯೆ 2453ಕ್ಕೆ 768 ಕೂಡಿಸಿದರೆ 3221, ಅದೇ ನಮ್ಮ ಕ-ಕಾರ! ಒಂದೇ ಸಾಲಿನ ಕ್ರಮವಿಧಿಯಿಂದ 'ಶ್ರೀರಾಮಪುರ' ಎಂಬ ಬಂಗಾಳಿ ಫಲಕ ಒತ್ತು ದೀರ್ಘಗಳ ಸಮೇತ ಕನ್ನಡವಾಗಿಬಿಡುತ್ತದೆ. ಹೊಸದಾಗಿ ಊರಿಗೆ ಬಂದ ನಮ್ಮ ತಂಗಿಯ ಮಗ ಬಸ್ಸಿನ ಫಲಕಗಳನ್ನು ಓದಿದ್ದು ಹೀಗೆಯೇ. ಎಲ್ಲ ಕಡೆಯೂ ಇದು ನಡೆಯುವುದಿಲ್ಲವೆನ್ನಿ. ಬಂಗಾಳಿಯಲ್ಲಿ ನಮ್ಮ ಹ್ರಸ್ವ ಎ, ಒ ಇಲ್ಲದ್ದರಿಂದ ಎಲ್ಲವೂ ಏ, ಓ ಆಗಿ ಎಳೆದಾಡುತ್ತವೆ. ಅವರ 'ಖಂಡ ತ' ಎಂಬ ಅಕ್ಷರಕ್ಕೆ ನಮ್ಮಲ್ಲಿ ಜೋಡಿಯಿಲ್ಲ, ಅಲ್ಲಿ ಖಾಲಿ ಚೌಕ ಬೀಳುತ್ತದೆ. ಆ 'ಖಂಡ ತ' ತನ್ನ ಸ್ವಂತ ಮನೆಗಾಗಿ 2005ರವರೆಗೆ ಕಾಯಬೇಕಾಯಿತೆಂಬುದನ್ನು ನಮ್ಮ ಬಂಗಾಳಿ ಸಹೋದ್ಯೋಗಿಗಳು ಇಂದಿಗೂ ಸಿಟ್ಟಿನಿಂದಲೇ ಹೇಳುತ್ತಾರೆ.

ಇರಲಿ, ಕೆಲಸಕ್ಕೆ ಬರೋಣ. ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ಸಿದ್ಧವಾದ ಪರಿವರ್ತಕಗಳು ದೊರೆಯುತ್ತವೆ, ಬಹುಪಾಲು ಒಳ್ಳೆಯವೇ. ಆದರೆ ನಮ್ಮ ಕಡತಗಳಲ್ಲಿ ಮೂರು ಬಗೆಯ ಫಾಂಟುಗಳ ಮಿಶ್ರಣವಿತ್ತು. ಶೀರ್ಷಿಕೆಗೆ ಒಂದು, ಒಡಲಿಗೆ ಒಂದು, ಜಾಹೀರಾತಿಗೆ ಮತ್ತೊಂದು, ಅವುಗಳ ಸಂಕೇತಗಳೂ ಪರಸ್ಪರ ಹೊಂದುತ್ತಿರಲಿಲ್ಲ. ನಾವೇ ಬರೆಯತೊಡಗಿದೆವು. ಭಾಷೆ ಪೈಥಾನ್. 2008ರಲ್ಲಿ ಬಂದ ಅದರ ಮೂರನೆಯ ಆವೃತ್ತಿಯಿಂದೀಚೆಗೆ ಅಕ್ಷರಮಾಲೆಯೆಂದರೆ ಯೂನಿಕೋಡೇ, ಇದರಿಂದ ನಮ್ಮಂಥವರ ಎಷ್ಟೋ ರಾತ್ರಿಗಳು ಉಳಿದುವು.

ಮೊದಲ ತೊಡಕು ಅರ್ಕಾವತ್ತು. ಕನ್ನಡದ ರಕಾರ ಉಚ್ಚಾರಣೆಯಲ್ಲಿ ಮೊದಲು, ಬರೆಹದಲ್ಲಿ ಕೊನೆ. 'ಸೂರ್ಯ' ಎಂದು ನುಡಿಯುವಾಗ ರ್ ಮೊದಲು ಬರುತ್ತದೆ, ಬರೆಯುವಾಗ ಯಕಾರವನ್ನು ಬರೆದು ಬಲಗಡೆ ಅರ್ಕಾವತ್ತನ್ನು ಎಳೆಯುತ್ತೇವೆ. ಹಳೆಯ ಫಾಂಟುಗಳು ಕಣ್ಣಿಗೆ ಕಂಡ ಕ್ರಮದಲ್ಲೇ ಅದನ್ನು ಕಡತದಲ್ಲಿಟ್ಟವು. ಯೂನಿಕೋಡಾದರೋ ನುಡಿಯುವ ಕ್ರಮದಲ್ಲಿ ಕೇಳುತ್ತದೆ. ಆದ್ದರಿಂದ ಪ್ರತಿಯೊಂದು ಅರ್ಕಾವತ್ತನ್ನೂ ಹಿಡಿದು ಹಿಂದಕ್ಕೆ ಹಾರಿಸಬೇಕು. ಎಷ್ಟು ಹಿಂದಕ್ಕೆ? 'ಕಾರ್ಯ'ದಲ್ಲಿ ಒಂದು ವ್ಯಂಜನವನ್ನು ದಾಟಿದರೆ ಸಾಕು. 'ಕಾರ್ಯದರ್ಶಿ'ಯ ಎರಡನೆಯದರಲ್ಲಿ ಗುಡಿಸನ್ನೂ ದಾಟಬೇಕು. 'ಅರ್ಘ್ಯ'ದಲ್ಲಿ? ನಾವು ಅವಸರದಲ್ಲಿ ಒಂದೇ ವ್ಯಂಜನವನ್ನು ದಾಟಿಸಿ ಕೈತೊಳೆದುಕೊಂಡಿದ್ದೆವು. ಅರ್ಕಾವತ್ತು ಯಕಾರದ ಒತ್ತನ್ನು ಹಾರಿ, ಘಕಾರದ ಕಾಲಿಗೆ ತೊಡರಿಕೊಂಡು, 'ಅಘ್ರ್ಯ' ಎಂಬ ಯಾವ ನಿಘಂಟಿನಲ್ಲೂ ಇಲ್ಲದ ಪ್ರಾಣಿ ಹುಟ್ಟಿತು.

ಈ ತಪ್ಪನ್ನು ಕಂಡುಹಿಡಿದವರು ನಾವಲ್ಲ. ಮೊದಲ ಸಂಚಿಕೆಯ ಪರಿವರ್ತನೆ ಮುಗಿಯಿತೆಂದು ನಂಬಿ ಅಜ್ಜಿಯವರ ಫೋನಿಗೆ ಹಾಕಿಕೊಟ್ಟೆವು. ಯಂತ್ರ ಓದತೊಡಗಿತು. ಗಂಗಾ ಸಾಗರದ ಮೇಳಕ್ಕೆ ಹೋದ ಪ್ರಸಂಗ. ಅವರು ಕೈಯಾಡಿಸದೆ ಕುಳಿತು ಕೇಳಿದರು. ಸಂಧ್ಯಾಕಾಲದಲ್ಲಿ ಸೂರ್ಯನಿಗೆ ಅರ್ಘ್ಯ ಕೊಡುವ ಮಾತು ಬಂದಾಗ ಯಂತ್ರ ತೊದಲಿತು. ಅಜ್ಜಿ ತಟ್ಟನೆ, "ಅವರು ಹಾಗೆ ಬರೆದವರಲ್ಲ. ನಿಮ್ಮ ಯಂತ್ರದ ತಪ್ಪೋ, ನಿಮ್ಮ ತಪ್ಪೋ ನೋಡಿ" ಎಂದರು. ನಮ್ಮ ತಪ್ಪೇ. ಆ ರಾತ್ರಿಯೇ ತಿದ್ದಿದೆವು. ಅರ್ಕಾವತ್ತು ಒಂದು ವ್ಯಂಜನವನ್ನಲ್ಲ, ವ್ಯಂಜನಗಳ ಇಡೀ ಗೊಂಚಲನ್ನು ಅದರ ಸ್ವರಚಿಹ್ನೆಯ ಸಮೇತ ದಾಟಬೇಕು. ಹೇಳಿದರೆ ಒಂದು ವಾಕ್ಯ, ನಮಗೆ ಹಿಡಿದದ್ದು ಮೂರು ಸಂಜೆ.

ಅಂದಿನಿಂದ ಅವರೇ ನಮ್ಮ ಕರಡು ತಿದ್ದುವವರಾದರು. ಕಣ್ಣಿನಿಂದ ಓದುವವನು ತಪ್ಪಿದ್ದರೂ ಸರಿಯಾಗಿಯೇ ಓದಿಕೊಂಡುಬಿಡುತ್ತಾನೆ, ಕಿವಿ ಹಾಗೆ ಬಿಡುವುದಿಲ್ಲ. ಒಮ್ಮೆ, "ಇದೇನು, ನಡುನಡುವೆ ಸೊನ್ನೆ ಸೊನ್ನೆ ಎನ್ನುತ್ತದೆ?" ಎಂದರು. ನೋಡಿದರೆ, ಕೆಲವು ಪುಟಗಳನ್ನು ಯಾರೋ ಮುಂದೆ ಯೂನಿಕೋಡಿನಲ್ಲೇ ಬೆರಳಚ್ಚಿಸಿದ್ದರು. ಅನುಸ್ವಾರದ ಜಾಗದಲ್ಲೆಲ್ಲ ಕನ್ನಡದ ಸೊನ್ನೆಯನ್ನು ಒತ್ತಿದ್ದರು. 'ಂ' ಮತ್ತು '೦' ಕಣ್ಣಿಗೆ ಅವಳಿಜವಳಿ, ಯಂತ್ರಕ್ಕೆ ಒಂದು 3202, ಇನ್ನೊಂದು 3302. ಹಾಗೆಯೇ ಅರ್ಕಾವತ್ತಿಗೆ ಒಂಬತ್ತರ ಅಂಕಿಯನ್ನು ಬಳಸಿ 'ಸೂಯ೯' ಎಂದು ಬರೆದದ್ದೂ ಸಿಕ್ಕಿತು. ಈ ಅಭ್ಯಾಸ ನಮ್ಮವರಲ್ಲಿ ಇಂದಿಗೂ ಇದೆ. ವಾಚಕರಲ್ಲಿ ಯಾರಾದರೂ ಹೀಗೆ ಬರೆಯುತ್ತಿದ್ದರೆ ದಯವಿಟ್ಟು ಬಿಡಬೇಕು. ಕಾಗದದ ಮೇಲೆ ಅದು ನಿರಪಾಯ. ಆದರೆ ಹುಡುಕುವ ಯಂತ್ರಕ್ಕೆ 'ಕ೦ಬಳಿ' ಎಂಬುದು ಎಂದೆಂದಿಗೂ ಕಂಬಳಿಯಾಗದು.

ಹುಡುಕಾಟದ ವಿಷಯ ಬಂದದ್ದರಿಂದ ಮತ್ತೊಂದನ್ನು ಹೇಳಿಬಿಡುತ್ತೇವೆ. 'ಕೋ' ಎಂಬ ಅಕ್ಷರವನ್ನು ಎರಡು ರೀತಿಯಲ್ಲಿ ಬರೆಯಬಹುದು: ಕ ಮತ್ತು ಓಕಾರದ ಚಿಹ್ನೆ ಎಂದು ಎರಡು ಸಂಖ್ಯೆಗಳಲ್ಲಿ, ಇಲ್ಲವೇ ಕ, ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘ ಎಂದು ನಾಲ್ಕು ಸಂಖ್ಯೆಗಳಲ್ಲಿ. ತೆರೆಯ ಮೇಲೆ ಎರಡೂ ಒಂದೇ. ನಮ್ಮ ಪರಿವರ್ತಕ ಎರಡನೆಯ ರೀತಿಯಲ್ಲಿ ಕೊಟ್ಟಿತ್ತು. ಮೊಮ್ಮಗಳು 'ಕೋಲ್ಕತಾ' ಎಂದು ಹುಡುಕಿದಳು, ಹತ್ತು ಸಂಚಿಕೆಗಳಲ್ಲಿ ಒಂದೂ ಸಿಗಲಿಲ್ಲ. ಊರಿನ ಹೆಸರೇ ಇಲ್ಲದ ಊರಿನ ನೆನಪುಗಳು! ಇಂಥ ಸಮಾನ ರೂಪಗಳನ್ನು ಒಂದೇ ಮಾಡುವ ವಿಧಾನವನ್ನು ಯೂನಿಕೋಡಿನವರೇ ಕೊಟ್ಟಿದ್ದಾರೆ, ಪೈಥಾನಿನಲ್ಲಿ ಅದಕ್ಕೆ ಒಂದು ಸಾಲು ಸಾಕು. ಕಡತವನ್ನು ಉಳಿಸುವ ಮೊದಲು ಅದನ್ನು ಓಡಿಸಬೇಕೆಂಬುದು ನಮ್ಮ ಟಿಪ್ಪಣಿ ಪುಸ್ತಕದಲ್ಲಿ ಕೆಂಪು ಗೀಟಿನೊಡನೆ ಇದೆ. ಆದರೆ ಕಾಣದ ಅಕ್ಷರಗಳಿಗೆ ಈ ಮದ್ದು ನಾಟದು. 'ರಾಜ್‌ಕುಮಾರ್' ಎಂಬಲ್ಲಿ ಜಕಾರಕ್ಕೆ ಕಕಾರದ ಒತ್ತು ಬೀಳದಂತೆ ನಡುವೆ ಅಗೋಚರವಾದ ತಡೆಯೊಂದನ್ನು ಇಡುತ್ತೇವೆ. ಒಬ್ಬರು ಇಟ್ಟು ಇನ್ನೊಬ್ಬರು ಇಡದಿದ್ದರೆ ಯಂತ್ರಕ್ಕೆ ಅವರಿಬ್ಬರೂ ಬೇರೆ ಬೇರೆ ನಟರು. 'ಸಾಫ್ಟ್‌ವೇರ್' ಎಂಬ ನಮ್ಮ ಹೊಟ್ಟೆಪಾಡಿನ ಪದದೊಳಗೂ ಇದೇ ಭೂತ ಕುಳಿತಿದೆ.

ಅಕ್ಷರ ಎಣಿಸುವುದೂ ಸುಲಭವಲ್ಲ. 'ಸ್ತ್ರೀ' ನಮಗೂ ನಿಮಗೂ ಒಂದು ಅಕ್ಷರ. ಯಂತ್ರಕ್ಕೆ ಸ, ವಿರಾಮ, ತ, ವಿರಾಮ, ರ, ಈಕಾರ ಎಂದು ಆರು. ಜಾಲದಲ್ಲಿ ಪುಟಗಳನ್ನು ಸಾಗಿಸುವ 'ಯುಟಿಎಫ್-8' ಪದ್ಧತಿಯಲ್ಲಿ ಒಂದೊಂದಕ್ಕೂ ಮೂರು ಬೈಟು, ಒಟ್ಟು ಹದಿನೆಂಟು. ಈ ಪದ್ಧತಿಯನ್ನು 1992ರಲ್ಲಿ ಕೆನ್ ಥಾಂಪ್ಸನ್ ಎಂಬವರು ನ್ಯೂಜೆರ್ಸಿಯ ಒಂದು ಊಟದಂಗಡಿಯಲ್ಲಿ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ರಚಿಸಿದರೆಂದು ಅಂದು ಜೊತೆಗಿದ್ದ ರಾಬ್ ಪೈಕ್ ಬರೆದಿದ್ದಾರೆ. ಇಂಗ್ಲಿಷಿಗೆ ಒಂದು ಬೈಟು, ನಮಗೆ ಮೂರು ಎಂದು ಮುನಿಸಿಕೊಳ್ಳುವವರಿದ್ದಾರೆ. ನಮಗೆ ಆ ದುಃಖವಿಲ್ಲ, ಒಂದು ಛಾಯಾಚಿತ್ರದ ಜಾಗದಲ್ಲಿ ಹತ್ತು ಸಂಚಿಕೆಗಳೂ ಹಿಡಿಸುತ್ತವೆ. ನಮ್ಮ ದುಃಖ ಬೇರೆ. 2023ರಲ್ಲಿ ಬಂದ ಯೂನಿಕೋಡಿನ 15.1ನೆಯ ಆವೃತ್ತಿಯಲ್ಲಿ, ಸಂಯುಕ್ತಾಕ್ಷರವನ್ನು ಒಡೆಯದೆ ಒಂದೇ ಎಂದು ಎಣಿಸಬೇಕೆಂಬ ನಿಯಮ ಸೇರಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಈ ಆರಕ್ಕೆ ಅದು ಅನ್ವಯಿಸಿತು. ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ನಮ್ಮ ಪಕ್ಕದ ಮೇಜಿನ ಬಂಗಾಳಿ ಮಿತ್ರನ 'ಸ್ತ್ರೀ' ಒಂದು, ನಮ್ಮದು ಮೂರು ತುಂಡು. ಇಂಥ ಸಭೆಗಳಲ್ಲಿ ಯಾರು ಹೋಗಿ ಕುಳಿತು ಮಾತಾಡುತ್ತಾರೋ ಅವರ ಕೆಲಸ ಆಗುತ್ತದೆ.

ಒಮ್ಮೆ ಬಿದ್ದ ತಪ್ಪು ಅಲ್ಲಿ ಶಾಶ್ವತ ಎಂಬುದಕ್ಕೂ ನಮ್ಮಲ್ಲೇ ನಿದರ್ಶನವಿದೆ. ಹಳಗನ್ನಡದ 'ೞ' ಅಕ್ಷರವನ್ನು ವಾಚಕರು ಬಲ್ಲರು. ಯೂನಿಕೋಡಿನ 3294ನೆಯ ಮನೆಯಲ್ಲಿ ಅದು ವಾಸವಾಗಿದೆ, ಆದರೆ ಬಾಗಿಲಿನ ಫಲಕದ ಮೇಲೆ 'ಫ' ಎಂದು ಬರೆದಿದೆ! ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿಯ ಕಟ್ಟುಕಟ್ಟಳೆ. ಆದ್ದರಿಂದ ಸರಿಯಾದ ಹೆಸರನ್ನು ತಿದ್ದುಪಡಿಯೆಂದು ಪಕ್ಕದಲ್ಲಿ ನಮೂದಿಸಿದರೇ ಹೊರತು ಫಲಕವನ್ನು ತೆಗೆಯಲಿಲ್ಲ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಈ ಗೊಂದಲಗಳ ನಡುವೆ ಒಂದು ರಜೆಯ ದಿನ ನಾವು ಹೌರಾದಿಂದ ಲೋಕಲ್ ಗಾಡಿ ಹಿಡಿದು ಶ್ರೀರಾಮಪುರಕ್ಕೆ ಹೋದೆವು. ಅಚ್ಚಾದ ಕನ್ನಡ ಪುಸ್ತಕಗಳಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಎಣಿಸಲಾಗುವ ವ್ಯಾಕರಣ ಮುದ್ರಿತವಾದದ್ದು ಮೈಸೂರಿನಲ್ಲಲ್ಲ, ಧಾರವಾಡದಲ್ಲಲ್ಲ, ಮಂಗಳೂರಿನಲ್ಲೂ ಅಲ್ಲ. ಇಲ್ಲಿ, ಹೂಗ್ಲಿ ನದಿಯ ದಂಡೆಯ ಮೇಲೆ, 1817ರಲ್ಲಿ. ಬರೆದವರು ವಿಲಿಯಂ ಕೇರಿ. ಆಗ ಆ ಊರು ಇಂಗ್ಲಿಷರದೂ ಅಲ್ಲ, ಡೆನ್ಮಾರ್ಕಿನವರದು, 1845ರವರೆಗೂ ಅವರಲ್ಲೇ ಇತ್ತು. ಕೇರಿಯ ಅಚ್ಚುಕೂಟದಲ್ಲಿ ಮೊಳೆ ಕೆತ್ತುವ ವಿದ್ಯೆಗೆ ಬೇರು ಹಾಕಿದವನು ಪಂಚಾನನ ಕರ್ಮಕಾರ ಎಂಬ ಬಂಗಾಳಿ ಕಮ್ಮಾರ. 1778ರಲ್ಲಿ ಹಾಲ್‌ಹೆಡ್ಡನ ಬಂಗಾಳಿ ವ್ಯಾಕರಣಕ್ಕೆ ಚಾರ್ಲ್ಸ್ ವಿಲ್ಕಿನ್ಸನೊಡನೆ ಅಕ್ಷರ ಕೊರೆದವನು ಆತನೇ. ಅವನ ತರುವಾಯ ಅಳಿಯ ಮನೋಹರ ಆ ಕಸಬನ್ನು ಮುಂದುವರಿಸಿದ. ಕನ್ನಡ ಮಾತು ಬಾರದ ಬಂಗಾಳದ ಕೈಗಳು ನಮ್ಮ ತಲೆಕಟ್ಟನ್ನೂ ಕೊಂಬನ್ನೂ ಉಕ್ಕಿನಲ್ಲಿ ಕೆತ್ತಿದುವು. 1812ನೆಯ ಮಾರ್ಚ್ 11ರಂದು ಆ ಅಚ್ಚುಕೂಟಕ್ಕೆ ಬೆಂಕಿ ಬಿದ್ದಿತು. ಕಾಗದ, ಎರಕದ ಮೊಳೆಗಳು, ಕೇರಿ ವರ್ಷಗಟ್ಟಲೆ ಬರೆದ ಬಹುಭಾಷಾ ನಿಘಂಟಿನ ಹಸ್ತಪ್ರತಿ ಎಲ್ಲ ಸುಟ್ಟುಹೋದುವು. ಆದರೆ ಅಕ್ಷರಗಳ ಮೂಲ ಅಚ್ಚುಗಳು ಉಳಿದುಕೊಂಡಿದ್ದುವು. ಕರಗಿ ಮುದ್ದೆಯಾಗಿದ್ದ ಸೀಸವನ್ನು ಬೂದಿಯಿಂದ ಬಗೆದು ತೆಗೆದು ಮತ್ತೆ ಮೊಳೆ ಎರೆದರು. ನದಿಯ ಕಟ್ಟೆಯ ಮೇಲೆ ಕುಳಿತು ನಾವು ಸಂಘದ ಕಪಾಟಿನ ಮುದ್ದೆಯಾದ ಕಾಗದವನ್ನು ನೆನೆದೆವು. ನಮ್ಮಲ್ಲಿ ಉಳಿದಿದ್ದ ಮೂಲ ಅಚ್ಚೆಂದರೆ ಆ ಸಿ.ಡಿ. ಮಾತ್ರ, ಅದೂ ಗೀರು ಬಿದ್ದದ್ದು.

ಗಣಕಯಂತ್ರದ ವಿಷಯದಲ್ಲೂ ಈ ಊರು ಹಿಂದೆ ಬಿದ್ದದ್ದಲ್ಲ. ಮಹಲನೋಬಿಸರು 1931ರಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಬಾರಾನಗರದಲ್ಲಿದೆ. 1955ರಲ್ಲಿ ಇಂಗ್ಲೆಂಡಿನಿಂದ ಅಲ್ಲಿಗೆ ತರಿಸಿದ 'ಹೆಕ್-2ಎಂ' ಯಂತ್ರವೇ ಭಾರತದ ಮೊದಲ ಅಂಕೀಯ ಗಣಕ. ಅದರ ನೆನಪು ಉರುಳುವ ಒಂದು ಕಾಂತೀಯ ಪೀಪಾಯಿಯ ಮೇಲಿನ 1024 ಪದಗಳಷ್ಟು, ಅಜ್ಜಿಯವರ ಫೋನಿನ ಒಂದು ಮೂಲೆಗೂ ಸಾಲದು. ಆ ಸಂಸ್ಥೆಯಲ್ಲಿ ನಾಲ್ಕು ದಶಕ ದುಡಿದು ಜಗತ್ಪ್ರಸಿದ್ಧರಾದ ಸಿ. ಆರ್. ರಾವ್ ಅವರು ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ, 1920ರಲ್ಲಿ. 2023ರಲ್ಲಿ ನೂರಾ ಎರಡು ತುಂಬಿದ ಮೇಲೆ ತೀರಿಕೊಂಡರು. ತೆಲುಗು ಮನೆಮಾತಿನವರಾದರೂ ಹುಟ್ಟೂರಿನ ನಂಟಿನಿಂದ ಕಲ್ಕತ್ತೆಯ ಕನ್ನಡಿಗರು ಅವರನ್ನು ನಮ್ಮವರೆಂದೇ ಹೇಳಿಕೊಳ್ಳುತ್ತೇವೆ. ಇದರಲ್ಲಿ ತಪ್ಪೇನು?

ಈಗ ಪ್ರಕಟಣೆಯ ಮಾತು. ಪರಿವರ್ತನೆಯಾದ ಲೇಖನಗಳನ್ನು ಜಾಲದ ಮೇಲೆ ಇಡಬೇಕೆಂದು ಸಂಘ ಒಪ್ಪಿತು. ಸಭೆಯಲ್ಲಿ ಕೆಲವರು ಹಾರಾಡುವ ಚಿತ್ರ, ಹಿನ್ನೆಲೆ ಸಂಗೀತ, ತಿರುಗುವ ದೀಪಸ್ತಂಭ ಮುಂತಾದುವನ್ನು ಬಯಸಿದರು. ನಾವು ಒಪ್ಪಲಿಲ್ಲ. ಬರಿಯ ಪಠ್ಯದ ಕಡತ, ಅದರಿಂದ ಹುಟ್ಟಿಸಿದ ಸರಳ ಪುಟ, ಅಷ್ಟೇ. ಹಿಂದೆ ನಿಂತು ಕೆಲಸ ಮಾಡುವ ದತ್ತಸಂಗ್ರಹವಿಲ್ಲ, ವರ್ಷಕ್ಕೊಮ್ಮೆ ಹಳತಾಗುವ ಅಲಂಕಾರವಿಲ್ಲ. ಹಳೆಯ ಫಾಂಟಿನ ಕಥೆಯಿಂದ ನಮಗೆ ಬಂದ ಭಯ ಇದು: ಯಾವುದು ಒಂದೇ ಕಂಪನಿಯ, ಒಂದೇ ತಂತ್ರಾಂಶದ ಆಶ್ರಯದಲ್ಲಿ ಮಾತ್ರ ತೆರೆಯುತ್ತದೋ ಅದನ್ನು ಮೊಮ್ಮಕ್ಕಳು ತೆರೆಯಲಾರರು. ಪ್ರತಿ ಪುಟದ ತಲೆಯಲ್ಲಿ ಎರಡು ವಿಷಯಗಳನ್ನು ತಪ್ಪದೆ ಬರೆಯುತ್ತೇವೆ, ಪಠ್ಯ ಯುಟಿಎಫ್-8ರಲ್ಲಿದೆಯೆಂದು ಮತ್ತು ಭಾಷೆ ಕನ್ನಡವೆಂದು. ಎರಡನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕಣ್ಣಿದ್ದವರಿಗೆ ಅದರಿಂದ ಲಾಭನಷ್ಟ ತೋರದು, ಆದರೆ ಓದಿ ಹೇಳುವ ಯಂತ್ರ ಯಾವ ನಾಲಗೆಯಲ್ಲಿ ಓದಬೇಕೆಂದು ನಿರ್ಧರಿಸುವುದು ಆ ಒಂದು ಮಾತಿನಿಂದ.

ತಿದ್ದುಪಡಿಗಳ ಲೆಕ್ಕವಿಡಲು 'ಗಿಟ್' ಎಂಬ ಉಪಕರಣವನ್ನು ಬಳಸುತ್ತೇವೆ. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಅದನ್ನು ಬರೆದದ್ದು ತಮ್ಮ ಲಿನಕ್ಸಿನ ಕೆಲಸಕ್ಕಾಗಿ. ಯಾವ ಸಾಲನ್ನು ಯಾರು, ಯಾವಾಗ, ಏಕೆ ಬದಲಿಸಿದರೆಂಬುದು ಅಳಿಯದೆ ಉಳಿಯುತ್ತದೆ. ಇದರ ಬೆಲೆ ನಮಗೆ ಗೊತ್ತಾದದ್ದು ವಿಷಯಸೂಚಿಯ ಜಗಳದಲ್ಲಿ. ಶೀರ್ಷಿಕೆಗಳನ್ನು ಅಕಾರಾದಿಯಾಗಿ ಜೋಡಿಸೆಂದು ಯಂತ್ರಕ್ಕೆ ಹೇಳಿದೆವು. ಅದು ಸಂಖ್ಯೆಯ ಕ್ರಮದಲ್ಲಿ ಜೋಡಿಸಿ, ಬಳ್ಳಾರಿಯನ್ನು ಬಸವನಗುಡಿಗಿಂತ ಮುಂದೆ ತಂದಿತು. ಯೂನಿಕೋಡಿನಲ್ಲಿ ಳಕಾರ ಲಕಾರದ ಬೆನ್ನಿಗೇ ಕುಳಿತಿದೆ, ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ಆಚೆ. ನಿವೃತ್ತ ಉಪಾಧ್ಯಾಯರೊಬ್ಬರು ಇದನ್ನು ಕಂಡು ನಮ್ಮ ಪ್ರಾಥಮಿಕ ಶಾಲೆಯನ್ನೇ ಸಂದೇಹಿಸಿದರು. ಕ್ರಮವನ್ನು ಸರಿಪಡಿಸಹೋಗಿ ನಾವು ಅವಸರದಲ್ಲಿ ಮೂಲ ಕಡತಗಳಲ್ಲೇ ಏನನ್ನೋ ಅಳಿಸಿದೆವು. ಗಿಟ್ ಇಲ್ಲದಿದ್ದರೆ 2003ರ ಸಂಚಿಕೆ ಎರಡನೆಯ ಸಲ ಮುಳುಗುತ್ತಿತ್ತು. ಹಿಂದಿನ ದಿನದ ಪ್ರತಿಯನ್ನು ಕೂಡಲೇ ಹಿಂತೆಗೆದೆವು. ಸಂಘದಲ್ಲಿ ಈ ಮಾತನ್ನು ಇದುವರೆಗೂ ಯಾರಿಗೂ ಹೇಳಿರಲಿಲ್ಲ.

ಹತ್ತರಲ್ಲಿ ಎಂಟು ಸಂಚಿಕೆಗಳು ಈಗ ಓದಲು, ಕೇಳಲು ಸಿದ್ಧವಾಗಿವೆ. 2006ರದು ಅರ್ಧ ತೆರೆಯುತ್ತದೆ. ಗೀರು ಬಿದ್ದ ಕಡೆ ತಟ್ಟೆ ಸುತ್ತುತ್ತಲೇ ನಿಲ್ಲುತ್ತದೆ. 2008ರ ಕಡತ ಇಲ್ಲವೇ ಇಲ್ಲ, ಆ ವರ್ಷ ಅಕ್ಷರ ಜೋಡಿಸಿದ ಅಂಗಡಿ ಮುಚ್ಚಿ ಬಹುಕಾಲವಾಯಿತು. ಆ ಎರಡು ವರ್ಷದ ಸ್ಮರಣ ಸಂಚಿಕೆಯ ಅಚ್ಚಾದ ಪ್ರತಿ ವಾಚಕರಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ, ಗೆದ್ದಲು ಹಿಡಿದಿದ್ದರೂ ಚಿಂತೆಯಿಲ್ಲ, ಪತ್ರಿಕೆಯ ಕಚೇರಿಗೆ ತಿಳಿಸಬೇಕೆಂದು ಪ್ರಾರ್ಥಿಸುತ್ತೇವೆ. ನಾವೇ ಬಂದು ಪುಟಪುಟದ ಚಿತ್ರ ತೆಗೆದುಕೊಂಡು ಪ್ರತಿಯನ್ನು ಅಲ್ಲೇ ಹಿಂತಿರುಗಿಸುವೆವು.

ಕಳೆದ ಭಾನುವಾರ ಲೇಕ್ ಮಾರ್ಕೆಟಿನ ಮನೆಗೆ ಹೋದಾಗ ಫೋನು 2004ರ ಲೇಖನವನ್ನು ಓದುತ್ತಿತ್ತು. ಗಂಡಹೆಂಡಿರು ಮದುವೆಯಾದ ಹೊಸದರಲ್ಲಿ ವಿಕ್ಟೋರಿಯಾ ಸ್ಮಾರಕದ ತೋಟದಲ್ಲಿ ದಾರಿ ತಪ್ಪಿದ ಪ್ರಸಂಗ. ಅಜ್ಜಿ ಫೋನನ್ನು ತಡೆದು, "ದಾರಿ ತಪ್ಪಿದವರು ಅವರು, ನಾನಲ್ಲ. ಇದನ್ನು ತಿದ್ದಲು ಬರುತ್ತದೆಯೋ?" ಎಂದು ಕೇಳಿದರು. ಮೂಲಪ್ರತಿಯನ್ನು ತಿದ್ದುವ ಅಧಿಕಾರ ನಮಗಿಲ್ಲವೆಂದೆವು. ಕೊನೆಗೆ ಅವರ ಹೆಸರಿನಲ್ಲಿ ಕೆಳಗೊಂದು ಅಡಿಟಿಪ್ಪಣಿ ಹಾಕುವುದೆಂದು ತೀರ್ಮಾನವಾಯಿತು. ಅವರು ಹೇಳಿದರು, ನಾವು ಬೆರಳಚ್ಚಿಸಿದೆವು. ಮೂರು ಸಾಲು. ಅದರಲ್ಲಿ ಎರಡು ಅರ್ಕಾವತ್ತುಗಳಿದ್ದುವು, ಎರಡೂ ಸರಿಯಾಗಿ ಕುಳಿತುವು.